ಓದುಗರ ಪ್ರಶ್ನೆ: ಎಲ್ಲರೂ ಸೆನ್ಸರ್ ಕಸದ ಬುಟ್ಟಿಯನ್ನೇ ತರುತ್ತಾರೆ!

ಪ್ರಶ್ನೆ: ಸರ್ಕಾರಿ ಶಾಲೆಯಲ್ಲಿ ಎಂಟನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. 40 ಮಕ್ಕಳು. ಡಿಸೈನ್ ಥಿಂಕಿಂಗ್ (ಬಳಸುವವರ ತೊಂದರೆ ಅರಿತು ಪರಿಹಾರ ರೂಪಿಸುವ ವಿಧಾನ) ಅಂದರೆ ಸಾಕು, ಯೂಟ್ಯೂಬ್ ನೋಡಿ, ಕೈ ಹತ್ತಿರ ತಂದರೆ ತಾನೇ ಮುಚ್ಚಳ ತೆರೆಯುವ ಸೆನ್ಸರ್ ಕಸದ ಬುಟ್ಟಿ ಮಾಡಿ ತರುತ್ತಾರೆ. ಎಲ್ಲಿ ಎಡವುತ್ತಿದ್ದೇವೆ?
– ಒಬ್ಬ ಶಿಕ್ಷಕಿ

ಉತ್ತರ: ‘ಏನಾದರೂ ಮಾಡಿಕೊಂಡು ಬನ್ನಿ’ ಎಂದರೆ ಮಕ್ಕಳು ಇನ್ನೇನು ತಂದಾರು, ಮೇಡಂ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಸಂಸ್ಥೆ ಡಿ-ಸ್ಕೂಲ್ ಡಿಸೈನ್ ಥಿಂಕಿಂಗ್‌ಗೆ ಐದು ಹಂತ ಹೇಳುತ್ತದೆ: ಬಳಸುವವರನ್ನು ಅರಿಯುವುದು, ಸಮಸ್ಯೆ ಗುರುತಿಸುವುದು, ಉಪಾಯ, ಮಾದರಿ, ಪರೀಕ್ಷೆ. ನಾವು ಮೊದಲೆರಡನ್ನು ಹಾರಿಸಿಬಿಡುತ್ತೇವೆ.

ಬಿಸಿಯೂಟಕ್ಕೆ ಮುಂಚಿನ ಕೈತೊಳೆಯುವ ಸಾಲನ್ನೇ ತೆಗೆದುಕೊಳ್ಳಿ. ಐವರಂತೆ ಎಂಟು ಗುಂಪು ಮಾಡಿ ಮೂರು ದಿನ ಬರೀ ನೋಡಲು ಬಿಡಿ. ಕೈಯಲ್ಲಿ ಗಡಿಯಾರ, ನೋಟ್‌ಬುಕ್ಕು. ಶಾಲೆಯಲ್ಲಿ 200 ಮಕ್ಕಳು, 4 ನಲ್ಲಿ ಇದ್ದರೆ, ತಲಾ 20 ಸೆಕೆಂಡಿನಂತೆ 1,000 ಸೆಕೆಂಡು, ಹತ್ತಿರ ಹತ್ತಿರ 17 ನಿಮಿಷ. ಬೆರಳ ತುದಿ ಒದ್ದೆ ಮಾಡಿಕೊಂಡು ಓಡುವವರನ್ನು ಬೈದು ಫಲವಿಲ್ಲ. ‘ನಲ್ಲಿ ಸಾಲದು’ ಎಂದು ಬರೆದು ತಂದರೆ ವಾಪಸ್ ಕೊಡಿ. ಹೊಸ ನಲ್ಲಿ ಹಾಕಿಸಿ ಎಂಬ ಉತ್ತರ ಅದರೊಳಗೆ ಆಗಲೇ ಕೂತಿದೆ. ‘ಒಂದನೇ ತರಗತಿಯವರಿಗೆ ನಲ್ಲಿ ಎಟುಕದು, ದೊಡ್ಡವರು ತಿರುಗಿಸಿಕೊಡುವ ತನಕ ಕಾಯುತ್ತಾರೆ’ ಎಂದು ಬರೆದರೆ ಕೆಲಸ ಶುರುವಾಯಿತು.

ಉಪಾಯಗಳನ್ನು ಮೊದಲ ಐದು ನಿಮಿಷ ಮಾತಿಲ್ಲದೆ ಒಬ್ಬೊಬ್ಬರೇ ಬರೆಯಲಿ. ಇಲ್ಲದಿದ್ದರೆ ಗಟ್ಟಿ ಗಂಟಲಿನವನದ್ದೇ ಗೆಲ್ಲುತ್ತದೆ.

ಮಾದರಿಗೆ ಥರ್ಮೋಕೋಲ್ ಬೇಡ, ಅದರಲ್ಲಿ ನೀರು ಹರಿಯುವುದಿಲ್ಲ. ಎಂಟು ಮಂದಿ ಒಟ್ಟಿಗೆ ಕೈತೊಳೆಯುವ ಒಂದು ಮಾದರಿ ಹೀಗಿರಬಹುದು: 3 ಮೀಟರ್ ಉದ್ದದ ಒಂದಿಂಚಿನ ಪಿವಿಸಿ ಪೈಪು, 40 ಸೆಂ.ಮೀ.ಗೊಂದರಂತೆ 2 ಮಿ.ಮೀ.ನ ಎಂಟು ತೂತು, ಒಂದು ತುದಿಗೆ ತಿರುಪಿನ ಮುಚ್ಚಳ, ಇನ್ನೊಂದಕ್ಕೆ ವಾಲ್ವು. ವಾಲ್ವಿಗೆ ನೀರು ಬರಲು, ಪೈಪಿಗಿಂತ ಒಂದು ಮೀಟರ್ ಮೇಲೆ 20 ಲೀಟರ್ ಬಕೆಟ್ಟು. ಪೈಪನ್ನು ಚಿಕ್ಕ ಮಕ್ಕಳ ಮೊಣಕೈ ಮಟ್ಟಕ್ಕೆ ಕಟ್ಟಿ. ಸಾಮಾನ್ಯವಾಗಿ ಎಡವುವುದು ತೂತಿನಲ್ಲಿ. 6 ಮಿ.ಮೀ. ಕೊರೆದರೆ ಮೊದಲ ತೂತುಗಳಲ್ಲೇ ಹೆಚ್ಚು ನೀರು ಸುರಿದು ಕೊನೆಯದಕ್ಕೆ ಕಡಿಮೆ ಬರಬಹುದು. ಮೊದಲ ಮತ್ತು ಕೊನೆಯ ತೂತಿನ ಕೆಳಗೆ 20 ಸೆಕೆಂಡು ಲೋಟ ಹಿಡಿಸಿ, ಅಳೆಸಿ. ಸಣ್ಣ ತೂತಿಗೆ ಬೇರೆ ಕಾಟ: ಕಸ ಕಟ್ಟಿಕೊಳ್ಳುತ್ತದೆ. ಬಕೆಟ್ಟಿಗೆ ಬಟ್ಟೆ ಕಟ್ಟಿ, ವಾರಕ್ಕೊಮ್ಮೆ ತುದಿಯ ಮುಚ್ಚಳ ಬಿಚ್ಚಿ ನೀರು ಬಿಡಬೇಕು.

ಪರೀಕ್ಷೆಯ ದಿನ ಮಾಡಿದವರು ಬಾಯಿ ಬಿಡಕೂಡದು. ಪುಟ್ಟವರಿಗೆ ವಿವರಿಸಿ ಹೇಳಬೇಕಾಗಿ ಬಂದರೆ ಮಾದರಿಯನ್ನೇ ತಿದ್ದಬೇಕು. ಅಂಕವನ್ನು ಬಣ್ಣಕ್ಕೆ ಕೊಡಬೇಡಿ. ಏನು ಕೆಟ್ಟಿತು, ಏನು ಬದಲಿಸಿದೆವು ಎಂದು ನೋಟ್‌ಬುಕ್ಕಿನಲ್ಲಿ ಬರೆದದ್ದಕ್ಕೆ ಕೊಡಿ.