ಸಭೆಯವರು ಧಾರಾಳವಾಗಿ ಕೊಡಲಿ ಎಂದು ವಂತಿಗೆಯ ಪಟ್ಟಿಯನ್ನು ಬೋರ್ಡಿಗೆ ಹಾಕಬಹುದೇ?

ಬೇಡ, ಹಾಕಬೇಡಿ. ನಾನು ನಮ್ಮ ಚರ್ಚಿನ ಹೊಸ ಖಜಾಂಚಿ, ಅರ್ಧದಷ್ಟು ಮನೆಗಳಿಂದ ವಂತಿಗೆ ಬಂದಿಲ್ಲ, ಎದುರಿಗೆ ಬೆಳೆ ಹಬ್ಬ ಎಂದು ನೀವು ಬರೆದದ್ದನ್ನು ಓದಿ ಎದೆ ಧಸಕ್ಕೆಂದಿತು. 2011ರಲ್ಲಿ ನಾನೂ ಅಲ್ಲೇ ನಿಂತಿದ್ದೆ.

ನಮ್ಮದು ಮಂಗಳೂರಿನ ಹತ್ತಿರ ನಲವತ್ತು ಕುಟುಂಬಗಳ ಸಭೆ, ಹಂಚಿನ ಮಾಡಿನ ಹಳೆಯ ದೇವಾಲಯ. ನಾನು ಬ್ಯಾಂಕ್ ಕೆಲಸದವನು. ಒಂದು ಶನಿವಾರ ರಾತ್ರಿ ಕೂತು ಹೆಸರು, ಕೊಟ್ಟದ್ದು, ಬಾಕಿ ಎಂದು ಮೂರು ಕಾಲಂ ಎಳೆದೆ. ಬಾಕಿಯನ್ನು ಕೆಂಪು ಶಾಯಿಯಲ್ಲಿ ಬರೆದೆ. ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಅಂಟಿಸಿದೆ, ಎಲ್ಲರ ಕಣ್ಣಿಗೆ ಬೀಳಲಿ ಎಂದು.

ತಪ್ಪು ಆ ಮೂರನೆಯ ಕಾಲಮ್ಮಿನದು. ಬಾಕಿ ಅನ್ನುವುದು ಸಾಲದ ಮಾತು. ಕಾಣಿಕೆ ಕೊಡದವನು ದೇವರ ಮನೆಯಲ್ಲಿ ಸಾಲಗಾರ ಹೇಗಾದಾನು? ಬರೆಯುವ ಮುಂಚೆ ಪಾಸ್ಟರನ್ನು ಕೇಳಲಿಲ್ಲ. ಒಂದು ಮನೆಗೂ ಹೋಗಿ ಏನು ಕಷ್ಟ ಎಂದು ವಿಚಾರಿಸಲಿಲ್ಲ. ರಶೀದಿ ಪುಸ್ತಕದಲ್ಲಿ ಇಲ್ಲದ್ದು ಸಭೆಯಲ್ಲೇ ಇಲ್ಲ ಎಂದು ನಂಬಿದ್ದೆ.

ಪಟ್ಟಿಯಲ್ಲಿ ಹನ್ನೊಂದು ತಿಂಗಳ ಬಾಕಿ ಇದ್ದದ್ದು ಒಬ್ಬ ಹಿರಿಯರದು. ಹಂಚಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. (ಕ್ರೈಸ್ತರಾದವರಿಗೆ ಕೆಲಸ ಸಿಗಲೆಂದು ಬಾಸೆಲ್ ಮಿಶನ್ ಎಂಬ ಸ್ವಿಸ್ ಮಿಶನರಿ ಸಂಸ್ಥೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು, ಅಂಥ ಕೆಲಸವನ್ನು ನಂಬಿ ಬದುಕಿದ ಮನೆಗಳು ನಮ್ಮಲ್ಲಿ ಬಹಳ.) ಆ ಭಾನುವಾರದ ನಂತರ ಅವರು ಬರಲಿಲ್ಲ. ನಾಚಿಕೆಯಾಗಿರಬೇಕು, ಕೊಟ್ಟು ಬರುತ್ತಾರೆ ಎಂದುಕೊಂಡು ಸುಮ್ಮನಿದ್ದೆ.

ಜೂನ್‌ನಲ್ಲಿ ಮಳೆ ಹಿಡಿದಾಗ ವೇದಿಯ ಮೇಲೆಯೇ ಸೋರಿತು. ಏಣಿ ಇಟ್ಟು ಹತ್ತಿದರೆ ಹಳೆಯ ಹಂಚುಗಳ ನಡುವೆ ಅಲ್ಲಲ್ಲಿ ಹೊಸವು, ಒಂದೆರಡು ಕಡೆ ಹೊಸ ರೀಪು. ಇದನ್ನೆಲ್ಲ ಯಾರು ಮಾಡಿಸಿದ್ದು ಎಂದು ದೇವಾಲಯ ಗುಡಿಸುವ ಅಕ್ಕನನ್ನು ಕೇಳಿದೆ. ಪ್ರತಿ ಮೇ ತಿಂಗಳಲ್ಲಿ ಆ ಹಿರಿಯರೇ ಹತ್ತಿ ಹಂಚು ಕೈಯಾಡಿಸಿ, ಒಡೆದದ್ದಕ್ಕೆ ಸ್ವಂತ ದುಡ್ಡಿನಲ್ಲಿ ತಂದು ಹಾಕುತ್ತಿದ್ದರಂತೆ. ಯಾರಿಗೂ ಹೇಳಬೇಡ ಎಂದಿದ್ದರಂತೆ.

ಅವತ್ತೇ ಸಂಜೆ ಹೋದೆ. "ಮಾಮ, ತಪ್ಪಾಯಿತು" ಅಂದೆ. ಅವರು ಸಿಟ್ಟಾಗಲಿಲ್ಲ. "ನೀನು ಬರೆದದ್ದು ಸುಳ್ಳಲ್ಲ ಮಗಾ. ಆದರೆ ಅದನ್ನು ನನ್ನ ಮೊಮ್ಮಗಳು ಓದಿದಳು" ಅಂದರು.

ಒಂದೂವರೆ ವರ್ಷ, ಹದಿನೈದು ದಿನಕ್ಕೊಮ್ಮೆ ಹೋಗಿ ಜಗಲಿಯಲ್ಲಿ ಕೂತು ಬರುತ್ತಿದ್ದೆ. ದೇವಾಲಯಕ್ಕೆ ಬನ್ನಿ ಎಂದು ಒಮ್ಮೆಯೂ ಕರೆಯಲಿಲ್ಲ. ಆ ಮಾತು ಮತ್ತೆ ವಸೂಲಿಯಂತೆ ಕೇಳಿಸೀತು ಎಂಬ ಭಯ. ಮರುವರ್ಷದ ಕ್ರಿಸ್ಮಸ್‌ಗೆ ಅವರೇ ಬಂದರು, ಹಿಂದಿನ ಬೆಂಚಿನಲ್ಲಿ ಕೂತರು.

ಅದಕ್ಕೇ ಹೇಳುತ್ತೇನೆ, ಜನ ಕೊಡುವಂತೆ ಮಾಡುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯೇ ತಪ್ಪು. ಈಗಾಗಲೇ ಯಾರು ಏನು ಕೊಡುತ್ತಿದ್ದಾರೆ ಎಂದು ಮೊದಲು ಹುಡುಕಿ. ಹತ್ತರಲ್ಲೊಂದು ಪಾಲನ್ನು ದೇವರಿಗೆ ತನ್ನಿ ಎನ್ನುವ ಬೈಬಲಿನ ಮಲಾಕಿಯನ ವಚನ ಹಿಡಿದು ಬೀಡಿ ಕಟ್ಟುವ ಮನೆಗಳ ಹತ್ತಿರ ದಶಮಾಂಶ ಕೇಳುವುದನ್ನು ನಾನಂತೂ ಒಪ್ಪುವುದಿಲ್ಲ. ಬದಲಿಗೆ ಪೌಲನು ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರದ (2 ಕೊರಿಂಥ) 8, 9ನೇ ಅಧ್ಯಾಯ ಓದಿ. ಯೆರೂಸಲೇಮಿನ ಬಡವರಿಗಾಗಿ ಕೊಡುತ್ತೇವೆಂದು ಕೊರಿಂಥದವರು ಹಿಂದಿನ ವರ್ಷವೇ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದ್ದರು. ಪೌಲನು ಇದು ಆಜ್ಞೆಯಲ್ಲ ಎಂದೇ ಬರೆದ, ಇಲ್ಲದ್ದನ್ನು ಕೇಳಲಿಲ್ಲ. ಹಣದ ವಿಷಯದಲ್ಲಿ ಯಾರೂ ತಪ್ಪು ಹೊರಿಸಬಾರದೆಂದು ತನ್ನ ಜೊತೆಗೆಲಸದವ ತೀತನ ಜೊತೆ ಇನ್ನಿಬ್ಬರು ಸಹೋದರರನ್ನೂ ಕಳಿಸಿದ. ಬೋರ್ಡಿಗೆ ಹಾಕಲೇಬೇಕಿದ್ದರೆ ಸಭೆಯ ಖರ್ಚಿನ ಲೆಕ್ಕ ಹಾಕಿ, ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲ. ಹೆಸರು ಬೇಡ.

ಪಟ್ಟಿ ಈಗಾಗಲೇ ಅಂಟಿಸಿದ್ದರೆ ಭಾನುವಾರದವರೆಗೆ ಕಾಯಬೇಡಿ. ಬೀಗದ ಕೈ ತೆಗೆದುಕೊಂಡು ಇವತ್ತೇ ಹೋಗಿ ಕಿತ್ತುಬಿಡಿ.