ಸಂಪಾದಕರ ಉತ್ತರ: ಮೊದಲು ಫೈಲು ಓದಿ, ಆಮೇಲೆ ಪುಸ್ತಿಕೆ

ಓದುಗರ ಪತ್ರ (ಸಂಕ್ಷಿಪ್ತವಾಗಿ): “ನಮ್ಮ ಯಜಮಾನರಿಗೆ 63 ವರ್ಷ. ಪಿಎಸ್‌ಎ 7.8 ಬಂತು, ಬಯಾಪ್ಸಿ ಆಯಿತು, ಪ್ರಾಸ್ಟೇಟ್ ಕ್ಯಾನ್ಸರ್, ಗ್ಲೀಸನ್ 7 ಅಂದರು. ಆಪರೇಶನ್ನೋ ರೇಡಿಯೇಶನ್ನೋ ಯೋಚಿಸಿಕೊಂಡು ಬನ್ನಿ ಎಂದು ಒಂದು ಕರಪತ್ರ ಕೊಟ್ಟು ಕಳಿಸಿದ್ದಾರೆ. ಅವರು ಅದನ್ನು ಮುಟ್ಟಿಯೂ ನೋಡಿಲ್ಲ. ನಾನೇ ರಾತ್ರಿ ಫೋನಿನಲ್ಲಿ ಹುಡುಕುತ್ತೇನೆ. ಒಂದು ಕಡೆ ಏನೂ ಮಾಡದೆ ಕಾಯಬಹುದು ಅಂತಿದೆ, ಇನ್ನೊಂದು ಕಡೆ ತಡವಾದರೆ ಕೈಮೀರುತ್ತದೆ ಅಂತಿದೆ. ಯಾವುದನ್ನು ನಂಬಲಿ? ಹೆಂಡತಿಯಾದವಳು ಓದಬೇಕಾದ್ದು ಬೇರೆ ಏನಾದರೂ ಇದೆಯೆ?”

ಉತ್ತರ: ನೀವು ಓದಿದ ಎರಡೂ ಮಾತು ನಿಜವೇ, ಆದರೆ ಒಬ್ಬನೇ ರೋಗಿಯ ಬಗ್ಗೆ ಹೇಳಿದ್ದಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ವರ್ಷಗಟ್ಟಲೆ ಇದ್ದಲ್ಲೇ ಇರುವಂಥವೂ ಇವೆ, ಬೇಗನೆ ಮೂಳೆಗೆ ಇಳಿಯುವಂಥವೂ ಇವೆ. ಎಲ್ಲರಿಗೂ ಎಂದು ಬರೆದ ಪುಟಗಳು ಎರಡನ್ನೂ ಒಂದೇ ಹೆಸರಿನಡಿ ಸೇರಿಸಿಬಿಡುತ್ತವೆ. ಆದ್ದರಿಂದ ಪುಸ್ತಿಕೆ ಹುಡುಕುವ ಮೊದಲು ಆಸ್ಪತ್ರೆಯ ಫೈಲು ತೆರೆಯಿರಿ. ನಿಮ್ಮ ಯಜಮಾನರ ಕಾಯಿಲೆ ಯಾವ ಬಗೆಯದು ಎಂದು ಗೊತ್ತಾದ ಮೇಲೆ ಓದಬೇಕಾದ್ದರಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಬಿಟ್ಟುಹೋಗುತ್ತದೆ.

ಒಂದು ಹಾಳೆಯ ಮೇಲೆ ಇಷ್ಟನ್ನು ಬರೆದುಕೊಳ್ಳಿ: ಇದುವರೆಗಿನ ಎಲ್ಲ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನಿನ ರಕ್ತಪರೀಕ್ಷೆ) ಸಂಖ್ಯೆಗಳು ತಾರೀಕಿನ ಸಮೇತ, ಗ್ಲೀಸನ್‌ನ ಎರಡೂ ಅಂಕಿ, ಬಯಾಪ್ಸಿಯಲ್ಲಿ ಸೂಜಿಯಿಂದ ಗ್ರಂಥಿಯ ಎಷ್ಟು ಎಳೆ ತೆಗೆದರು, ಅದರಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಸಿಕ್ಕಿತು, ‘ಟಿ’ ಹಂತ, ಅಂದರೆ ಗಡ್ಡೆ ಗ್ರಂಥಿಯ ಒಳಗೇ ಇದೆಯೊ (ಟಿ1, ಟಿ2) ಹೊರಗೆ ದಾಟಿದೆಯೊ (ಟಿ3, ಟಿ4), ಎಂಆರ್‌ಐ ಮತ್ತು ಬೇರೆ ಸ್ಕ್ಯಾನುಗಳ ತೀರ್ಮಾನದ ಸಾಲು.

ಇವುಗಳಲ್ಲಿ ಗ್ಲೀಸನ್ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ನೀವು ‘7’ ಎಂದಷ್ಟೇ ಬರೆದಿದ್ದೀರಿ, ಅದು ಸಾಲದು. ಅಮೆರಿಕದ ಪೆಥಾಲಜಿಸ್ಟ್ (ಬಯಾಪ್ಸಿಯ ತುಣುಕು ಪರೀಕ್ಷಿಸುವ ವೈದ್ಯ) ಡೊನಾಲ್ಡ್ ಗ್ಲೀಸನ್ 1960ರ ದಶಕದಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ, ಸೂಕ್ಷ್ಮದರ್ಶಕದಡಿ ಕಾಣುವ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎಂಬುದಕ್ಕೆ ಅಂಕ ಕೊಡುತ್ತಾರೆ. ಈಗ ಬಯಾಪ್ಸಿಯಲ್ಲಿ ಬಳಕೆಯಲ್ಲಿರುವುದು 3ರಿಂದ 5. ಹೆಚ್ಚು ಹರಡಿಕೊಂಡ ಮಾದರಿಯ ಅಂಕ ಮೊದಲು ಬರುತ್ತದೆ. ಆದ್ದರಿಂದ 3+4 ಮತ್ತು 4+3 ಎರಡರ ಮೊತ್ತ 7 ಆದರೂ ಮೊದಲನೆಯದರಲ್ಲಿ ಸೌಮ್ಯ ಮಾದರಿಯೇ ಹೆಚ್ಚು, ಎರಡನೆಯದರಲ್ಲಿ ಒರಟು ಮಾದರಿ ಮೇಲುಗೈ. ಹೊಸ ವರದಿಗಳಲ್ಲಿ ಇವನ್ನು ಬೇರ್ಪಡಿಸಿ, ಒಟ್ಟು ಐದು ಗ್ರೇಡ್ ಗ್ರೂಪ್‌ಗಳಲ್ಲಿ 3+4ನ್ನು 2 ಎಂದೂ 4+3ನ್ನು 3 ಎಂದೂ ಬರೆಯುತ್ತಾರೆ. 3+4 ಇದ್ದು, 4ರ ಪಾಲು ಶೇಕಡಾ 5 ಅಥವಾ 10ರಷ್ಟೇ ಇದ್ದರೆ, ಕೆಲವರಿಗೆ ತಕ್ಷಣ ಚಿಕಿತ್ಸೆಯಿಲ್ಲದೆ ನಿಗಾದಲ್ಲಿಡುವ ಮಾತೂ ಬರುತ್ತದೆ. ವರದಿಯಲ್ಲಿ ‘ಕ್ರಿಬ್ರಿಫಾರ್ಮ್’ ಅಥವಾ ‘ಇಂಟ್ರಾಡಕ್ಟಲ್’ ಎಂಬ, ಹೆಚ್ಚು ಒರಟು ಸ್ವಭಾವ ಸೂಚಿಸುವ ಪದ ಕಂಡರೆ ಆ ಮಾತು ಸಾಮಾನ್ಯವಾಗಿ ಕೈಬಿಡಬೇಕಾಗುತ್ತದೆ. ಗಾಜಿನ ಸ್ಲೈಡುಗಳನ್ನು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ ಎರಡನೇ ಅಭಿಪ್ರಾಯ ಪಡೆಯುವುದು ಮಾಮೂಲು. ಹಾಗೆ ಕೇಳಿದರೆ ಡಾಕ್ಟರಿಗೆ ಬೇಜಾರಾಗುತ್ತದೆ ಎಂದು ಹಿಂಜರಿಯಬೇಡಿ.

ಪಿಎಸ್‌ಎ ಬಗ್ಗೆ ಒಂದು ಎಚ್ಚರ. ಅದು ಕ್ಯಾನ್ಸರ್‌ಗಷ್ಟೇ ಏರುವಂಥದ್ದಲ್ಲ. ಪ್ರಾಸ್ಟೇಟ್ ಊದಿಕೊಂಡರೂ, ಮೂತ್ರದ ಸೋಂಕಾದರೂ, ಕ್ಯಾಥೆಟರ್ (ಮೂತ್ರ ಹೊರಹೋಗಲು ಹಾಕುವ ನಳಿಕೆ) ಹಾಕಿದರೂ, ಪರೀಕ್ಷೆಗೆ ಎರಡು ದಿನ ಮುಂಚಿನ ವೀರ್ಯಸ್ಖಲನದಿಂದಲೂ ಏರುತ್ತದೆ. ತದ್ವಿರುದ್ಧವಾಗಿ, ಮೂತ್ರದ ತೊಂದರೆಗೆಂದು ಫಿನಾಸ್ಟೆರೈಡ್ ಅಥವಾ ಡ್ಯುಟಾಸ್ಟೆರೈಡ್ ಮಾತ್ರೆಯನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಸಂಖ್ಯೆ ಅರ್ಧಕ್ಕೆ ಇಳಿದಿರುತ್ತದೆ. ಅಂಥವರ 4ನ್ನು ಸುಮಾರು 8 ಎಂದೇ ಓದಬೇಕು. ನಿಮ್ಮ ಯಜಮಾನರು ಆ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿದ್ದಾರೆಯೆ ಎಂದು ಖಚಿತಪಡಿಸಿಕೊಳ್ಳಿ. ಈ ಒಂದು ವಿಷಯ ಎಷ್ಟೋ ಫೈಲುಗಳಲ್ಲಿ ಬಿಟ್ಟುಹೋಗಿರುತ್ತದೆ.

ಈಗ ಓದಿನ ವಿಚಾರ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಒಂದೇ ವಿಷಯವನ್ನು ಎರಡು ಬಗೆಯಲ್ಲಿ ಕೊಡುತ್ತದೆ, ರೋಗಿಗಳಿಗೊಂದು, ವೈದ್ಯರಿಗೊಂದು. ಮೊದಲನೆಯದು ಓದಿ ಅರ್ಥವಾದ ಮೇಲೆ ಅನುಮಾನ ಉಳಿದ ಜಾಗವನ್ನಷ್ಟೇ ಎರಡನೆಯದರಲ್ಲಿ ನೋಡಬಹುದು. ಅದೇ ದೇಶದ ಎನ್‌ಸಿಸಿಎನ್ ಎಂಬ ಆಸ್ಪತ್ರೆಗಳ ಒಕ್ಕೂಟ ರೋಗಿಗಳಿಗಾಗಿ ಪ್ರಕಟಿಸುವ ಮಾರ್ಗದರ್ಶಿ ಆರಂಭದ ಹಂತಕ್ಕೊಂದು, ಮುಂದುವರಿದ ಹಂತಕ್ಕೊಂದು ಎಂದು ಪ್ರತ್ಯೇಕವಾಗಿದೆ. ಅದರಿಂದಲೇ ನಮಗೆ ಅದು ಹೆಚ್ಚು ಇಷ್ಟ: ನಿಮಗೆ ಸಂಬಂಧಪಡದ ಪುಟಗಳನ್ನು ರಾತ್ರಿ ಹನ್ನೆರಡಕ್ಕೆ ಓದಿ ಎದೆ ಒಡೆದುಕೊಳ್ಳುವುದು ತಪ್ಪುತ್ತದೆ. ಬ್ರಿಟನ್ನಿನ ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ ಸಂಸ್ಥೆಯದು ಸರಳ ಬರವಣಿಗೆ. ಸಂಗಾತಿಗಳಿಗೆ ಮತ್ತು ಮನೆಯವರಿಗೆ ಬೇರೆಯೇ ಪುಸ್ತಿಕೆ, ಸಲಿಂಗಿ ಮತ್ತು ದ್ವಿಲಿಂಗಿ ಪುರುಷರಿಗೆ ಇನ್ನೊಂದು. ಯುರೋಪಿನ ಯುರಾಲಜಿಸ್ಟರ ಸಂಘದ ರೋಗಿ ಮಾಹಿತಿಯಲ್ಲಿ ಚಿತ್ರಗಳು ಚೆನ್ನಾಗಿವೆ. ಇಂಗ್ಲಿಷ್ ಓದುವುದು ಕಷ್ಟವಾದರೆ ಮನೆಯಲ್ಲಿ ಓದಬಲ್ಲವರಿಂದ ಒಂದೊಂದೇ ಅಧ್ಯಾಯ ಹೇಳಿಸಿಕೊಳ್ಳಿ. ಯಂತ್ರದ ಅನುವಾದವನ್ನು ಔಷಧಿಯ ಪ್ರಮಾಣ, ಅಂಕಿ-ಅಂಶಗಳ ಸಾಲಿಗೆ ನಂಬಬೇಡಿ.

‘ಪ್ರೆಡಿಕ್ಟ್ ಪ್ರಾಸ್ಟೇಟ್’ ಎಂಬ ಉಚಿತ ಲೆಕ್ಕದ ಸಾಧನವೂ ಇದೆ. ಬ್ರಿಟನ್ನಿನ ರೋಗಿಗಳ ದಾಖಲೆಯಿಂದ ಕಟ್ಟಿದ್ದು. ವಯಸ್ಸು, ಪಿಎಸ್‌ಎ, ಗ್ರೇಡ್ ಗ್ರೂಪ್, ಟಿ ಹಂತ, ಇತರ ಕಾಯಿಲೆಗಳನ್ನು ತುಂಬಿದರೆ, ಇಂಥ 100 ಜನರಲ್ಲಿ 10 ಅಥವಾ 15 ವರ್ಷಕ್ಕೆ ಎಷ್ಟು ಮಂದಿ ಬದುಕಿರುತ್ತಾರೆ, ಚಿಕಿತ್ಸೆಯಿಂದ ಅದು ಎಷ್ಟು ಬದಲಾಗುತ್ತದೆ ಎಂದು ತೋರಿಸುತ್ತದೆ. ಕ್ಯಾನ್ಸರ್ ಬೇರೆಡೆಗೆ ಹರಡಿದ್ದರೆ ಅದನ್ನು ಬಳಸಬಾರದು. ಡಾಕ್ಟರ್ ಎದುರಿಗೇ ತುಂಬಿದರೆ ತಪ್ಪು ಅಂಕಿ ಹಾಕುವ ಭಯವಿಲ್ಲ.

ನಂಬಬಹುದೋ ಇಲ್ಲವೋ ಎಂದು ಅಳೆಯುವುದಕ್ಕೆ ಮೊದಲು ಪ್ರಕಟಣೆಯ ವರ್ಷ ನೋಡಿ. ಬಯಾಪ್ಸಿಗೆ ಮುಂಚೆ ಎಂಆರ್‌ಐ, ಪಿಎಸ್‌ಎಂಎ ಪೆಟ್ ಸ್ಕ್ಯಾನ್ (ಕ್ಯಾನ್ಸರ್ ಎಲ್ಲೆಲ್ಲಿ ಹರಡಿದೆ ಎಂದು ಹುಡುಕುವ ಸ್ಕ್ಯಾನು), ಸಕ್ರಿಯ ನಿಗಾ (ತಕ್ಷಣ ಚಿಕಿತ್ಸೆಯಿಲ್ಲದೆ ಪರೀಕ್ಷಿಸುತ್ತ ಕಾಯುವುದು) ಇವುಗಳ ಸುದ್ದಿಯೇ ಇಲ್ಲದ ಪುಸ್ತಿಕೆ ಹಳೆಯದು, ಪಕ್ಕಕ್ಕಿಡಿ. ಎರಡನೆಯದಾಗಿ, ಆ ಪುಟ ಏನನ್ನಾದರೂ ಮಾರುತ್ತಿದೆಯೆ? ವಿಟಮಿನ್ ಮಾತ್ರೆಯಿಂದ ಪ್ರಾಸ್ಟೇಟ್ ಕಾಪಾಡಿಕೊಳ್ಳಿ ಎನ್ನುವ ಪ್ರಚಾರ ಈಗಲೂ ನಡೆದೇ ಇದೆ. ಆದರೆ 35,000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಸೆಲೆಕ್ಟ್ ಎಂಬ ಪ್ರಯೋಗದಲ್ಲಿ ವಿಟಮಿನ್ ಇ ತೆಗೆದುಕೊಂಡ ಗುಂಪಿನಲ್ಲಿ ಈ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಗಿ ಕಂಡಿತು. ಅದು ಪ್ರಕಟವಾದದ್ದು 2011ರಲ್ಲಿ. ಮೂರನೆಯದು, ಸಂಖ್ಯೆಯ ಹಿಂದಿನ ವ್ಯಾಖ್ಯೆ. ‘ಆಪರೇಶನ್ ಆದ ಶೇಕಡಾ 95 ಮಂದಿಗೆ ಮೂತ್ರದ ಹಿಡಿತ ಮರಳಿದೆ’ ಎಂದು ಬರೆದಿದ್ದರೆ, ದಿನಕ್ಕೊಂದು ಪ್ಯಾಡ್ ಇಟ್ಟುಕೊಳ್ಳುವವರನ್ನೂ ಅದರಲ್ಲಿ ಸೇರಿಸಿದ್ದಾರೆಯೆ? ನಿಮಿರುವಿಕೆ ಮರಳಿದೆ ಎಂದರೆ ಮಾತ್ರೆಯ ಸಹಾಯದಿಂದಲೋ, ಅದಿಲ್ಲದೆಯೋ? ಯಾವ ವಯಸ್ಸಿನವರಲ್ಲಿ, ಎಷ್ಟು ತಿಂಗಳಿಗೆ? ಇದನ್ನು ಬಿಡಿಸಿ ಹೇಳದ ಪುಟ ಎಷ್ಟು ಅಂದವಾಗಿದ್ದರೂ ಜಾಹೀರಾತೇ. ಅನುಭವ ಕಥನಗಳನ್ನು ಓದಬೇಡಿ ಎನ್ನುವುದಿಲ್ಲ. ಕ್ಯಾಥೆಟರ್, ಪ್ಯಾಡು, ದಣಿವಿನ ವಿಷಯದಲ್ಲಿ ಅವುಗಳಷ್ಟು ಉಪಯೋಗ ಬೇರೆ ಯಾವುದೂ ಇಲ್ಲ. ಚಿಕಿತ್ಸೆ ಆರಿಸಿಕೊಳ್ಳಲು ಮಾತ್ರ ಅವು ಬೇಡ, ಏಕೆಂದರೆ ಬರೆದವರ ಗ್ರೇಡು ನಿಮ್ಮವರದ್ದಾಗಿರುವುದಿಲ್ಲ.

ತಡವಾದರೆ ಕೈಮೀರುತ್ತದೆಯೆ ಎಂಬ ಭಯಕ್ಕೆ ಒಂದು ದೊಡ್ಡ ಆಧಾರವಿದೆ. ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗದಲ್ಲಿ ಕ್ಯಾನ್ಸರ್ ಗ್ರಂಥಿಯೊಳಗೇ ಇದ್ದ 1,643 ಮಂದಿಯನ್ನು ನಿಗಾ, ಶಸ್ತ್ರಚಿಕಿತ್ಸೆ, ರೇಡಿಯೇಶನ್ ಎಂದು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ದರು. 2023ರಲ್ಲಿ ಪ್ರಕಟವಾದ 15 ವರ್ಷದ ಫಲಿತಾಂಶದಲ್ಲಿ ಮೂರೂ ಗುಂಪಿನಲ್ಲಿ ಈ ಕಾಯಿಲೆಯಿಂದ ಸತ್ತವರು 100ಕ್ಕೆ ಮೂವರ ಆಸುಪಾಸು. ಆದರೆ ಹರಡಿದ್ದು ನಿಗಾ ಗುಂಪಿನಲ್ಲಿ 100ಕ್ಕೆ ಸುಮಾರು 9, ಉಳಿದೆರಡರಲ್ಲಿ ಸುಮಾರು 5. ಇನ್ನೊಂದು ಮಾತು: ಆ ಪ್ರಯೋಗದಲ್ಲಿದ್ದ ಬಹುಪಾಲು ಮಂದಿಯದು ಗ್ಲೀಸನ್ 6. ನಿಮ್ಮವರದು 4+3 ಆಗಿದ್ದರೆ ಆ ಸಮಾಧಾನವನ್ನು ಹಾಗೇ ಎತ್ತಿಕೊಳ್ಳುವಂತಿಲ್ಲ. 3+4 ಆಗಲಿ 4+3 ಆಗಲಿ, ಓದಿ ಯೋಚಿಸಲು ಕೆಲವು ವಾರ ಸಿಗುತ್ತವೆ. ಎಷ್ಟು ವಾರ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಆಪರೇಶನ್ ಮಾಡುವವರನ್ನೂ ರೇಡಿಯೇಶನ್ ಕೊಡುವವರನ್ನೂ ಇಬ್ಬರನ್ನೂ ಕಂಡೇ ತೀರ್ಮಾನಿಸಿ.

ಸಂಗಾತಿಯ ಓದಿಗೆ ಬರೋಣ. ಕರಪತ್ರಗಳಲ್ಲಿ ‘ಮನೆಯವರ ಬೆಂಬಲ ಮುಖ್ಯ’ ಎಂದು ಒಂದು ಸಾಲು ಬರೆದು ಮುಗಿಸಿರುತ್ತಾರೆ. ನಿಮಗೆ ಬೇಕಾದ್ದು ಕೆಲಸಕ್ಕೆ ಬರುವ ವಿವರ.

ಶಸ್ತ್ರಚಿಕಿತ್ಸೆಯಾದರೆ ಕ್ಯಾಥೆಟರ್ ಸಾಮಾನ್ಯವಾಗಿ ಒಂದರಿಂದ ಎರಡು ವಾರ ಇರುತ್ತದೆ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನಳಿಕೆ ಮಡಚಬಾರದು. ಸ್ವಲ್ಪ ಕೆಂಪು ಬಣ್ಣ ಕಂಡರೆ ಗಾಬರಿಯಾಗಬೇಕಿಲ್ಲ. ಮೂತ್ರ ಬರುವುದೇ ನಿಂತರೆ, ಗಟ್ಟಿ ರಕ್ತದ ಹೆಪ್ಪು ಬಂದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ನಳಿಕೆಯನ್ನು ನೀವೇ ಎಳೆಯಬೇಡಿ. ತೆಗೆದ ಮೇಲೆ ಮೊದಲ ವಾರಗಳಲ್ಲಿ ಸೋರುವುದು ಸಹಜ.

ಹಿಡಿತ ಮರಳಲು ಶ್ರೋಣಿ ಸ್ನಾಯುಗಳ (ಮೂತ್ರಕೋಶದ ಕೆಳಗಿದ್ದು ಮೂತ್ರ ತಡೆಹಿಡಿಯುವ ಸ್ನಾಯುಗಳು) ವ್ಯಾಯಾಮವನ್ನು ಆಪರೇಶನ್ನಿಗೆ ಮುಂಚಿನಿಂದಲೇ ಕಲಿಯಬೇಕು. ಕ್ಯಾಥೆಟರ್ ಇರುವಾಗ ನಿಲ್ಲಿಸಿ, ತೆಗೆದ ಮೇಲೆ ಮತ್ತೆ ಶುರು ಮಾಡಬೇಕು. ಗಾಳಿ ಹೋಗದಂತೆಯೂ ಮೂತ್ರ ಹೋಗದಂತೆಯೂ ಒಟ್ಟಿಗೇ ಒಳಗೆಳೆದುಕೊಂಡಾಗ ಶಿಶ್ನದ ಬುಡ ಒಳಸರಿದು ವೃಷಣ ತುಸು ಮೇಲೇರುತ್ತದೆ. ಹಾಗಾದರೆ ಸರಿಯಾದ ಸ್ನಾಯುವೇ. ಎಷ್ಟು ಸಾಧ್ಯವೋ ಅಷ್ಟು, ಕ್ರಮೇಣ 10 ಸೆಕೆಂಡಿನವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ 10 ಸಲ, ದಿನಕ್ಕೆ ಮೂರು ಬಾರಿ. ಹೆಚ್ಚಿನವರು ತಪ್ಪುವುದು ಉಸಿರು ಕಟ್ಟಿ, ಪೃಷ್ಠ ಬಿಗಿದು, ಹೊಟ್ಟೆಯಿಂದ ಕೆಳಗೆ ತಳ್ಳುವುದರಲ್ಲಿ. ಅದರಿಂದ ಸೋರಿಕೆ ಇನ್ನೂ ಹೆಚ್ಚುತ್ತದೆ. ಕೆಮ್ಮುವ, ಏಳುವ, ಭಾರ ಎತ್ತುವ ಕ್ಷಣಕ್ಕೆ ಮುಂಚೆ ಬಿಗಿಹಿಡಿಯುವುದು ಅಭ್ಯಾಸವಾಗಬೇಕು. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸುವುದನ್ನೇ ದಿನವೂ ವ್ಯಾಯಾಮ ಮಾಡಿಕೊಳ್ಳಬಾರದು.

ದಾಂಪತ್ಯದ ವಿಷಯದಲ್ಲಿ ಡಾಕ್ಟರೂ ಮಾತಾಡುವುದಿಲ್ಲ, ರೋಗಿಯೂ ಕೇಳುವುದಿಲ್ಲ. ಆದ್ದರಿಂದ ಸಂಗಾತಿ ಓದಿಕೊಂಡಿರುವುದು ಒಳ್ಳೆಯದು. ಗ್ರಂಥಿ ಮತ್ತು ವೀರ್ಯಕೋಶ ತೆಗೆದ ಮೇಲೆ ವೀರ್ಯ ಹೊರಬರುವುದಿಲ್ಲ. ಸುಖದ ಅನುಭವ ಉಳಿಯಬಹುದು, ನಿಮಿರುವಿಕೆ ಇಲ್ಲದೆಯೂ. ಆ ಹೊತ್ತಿನಲ್ಲಿ ಸ್ವಲ್ಪ ಮೂತ್ರ ಸೋರುವುದೂ ಉಂಟು. ನರಗಳನ್ನು ಉಳಿಸಿ ಮಾಡುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದ ಶಸ್ತ್ರವೈದ್ಯ ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಮೊದಲು ಮಾಡಿದರು. ಆದರೂ ನರ ಚೇತರಿಸಿಕೊಳ್ಳಲು ಎರಡು ವರ್ಷವೂ ಹಿಡಿಯಬಹುದು, ಕೆಲವರಲ್ಲಿ ಪೂರ್ತಿ ಮರಳುವುದೂ ಇಲ್ಲ. ರೇಡಿಯೇಶನ್ನಿನಲ್ಲಿ ಕ್ರಮ ತಿರುವುಮುರುವು: ಆರಂಭದಲ್ಲಿ ಚೆನ್ನಾಗಿದ್ದು ವರ್ಷಗಳ ಮೇಲೆ ಕುಗ್ಗುತ್ತದೆ. ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್‌ನಂಥ ಮಾತ್ರೆ ಕೆಲಸ ಮಾಡಲು ಉದ್ರೇಕ ಬೇಕೇ ಬೇಕು. ಎದೆನೋವಿಗೆ ನೈಟ್ರೇಟ್ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು, ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ಮಾತ್ರೆ ನಡೆಯದಿದ್ದರೆ ನಿರ್ವಾತ ಪಂಪು, ಚುಚ್ಚುಮದ್ದು, ಕೊನೆಗೆ ಇಂಪ್ಲಾಂಟ್ ಇವೆ.

ಹಾರ್ಮೋನ್ ಚಿಕಿತ್ಸೆ ಸೇರಿದರೆ ಮಾತೇ ಬೇರೆ. ಈ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನನ್ನು ಈ ಚಿಕಿತ್ಸೆ ಅಡಗಿಸುತ್ತದೆ; ಅದು ಇಲ್ಲವಾದಾಗ ಬಯಕೆಯೇ ಹೋಗುತ್ತದೆ. ಮೈ ಬಿಸಿಯೇರಿ ಬೆವರುತ್ತದೆ, ಸಿಡುಕು, ಅಳು, ದಣಿವು, ಮೂಳೆ ಸವೆತ, ಸೊಂಟದ ಸುತ್ತ ಬೊಜ್ಜು. ಇದನ್ನು ಮುಂಚಿತವಾಗಿ ತಿಳಿಯದ ಹೆಂಡತಿ ತನ್ನ ಮೇಲಿನ ಪ್ರೀತಿ ಕಡಿಮೆಯಾಯಿತೇನೋ ಎಂದುಕೊಳ್ಳುತ್ತಾಳೆ. ಇದು ಔಷಧಿಯ ಕೆಲಸ, ಮನುಷ್ಯನದ್ದಲ್ಲ. ತೂಕ ಎತ್ತುವಂಥ ವ್ಯಾಯಾಮ ಸ್ನಾಯು, ಮೂಳೆ, ದಣಿವು ಮೂರಕ್ಕೂ ಒಳ್ಳೆಯದು. ಮೂಳೆ ಸಾಂದ್ರತೆಯ ಪರೀಕ್ಷೆಯನ್ನು ಕೇಳಿ ಮಾಡಿಸಿ.

ಅವರು ಓದದಿದ್ದರೆ ಬಲವಂತ ಬೇಡ. ನೀವು ಬರೆದ ಹಾಳೆಯನ್ನಷ್ಟೇ ಮುಂದಿಡಿ. ಬದುಕುವ ವರ್ಷಗಳ ಅಂಕಿ ತನಗೆ ಬೇಕೋ ಬೇಡವೋ ಎಂದು ಅವರೇ ಹೇಳಲಿ. ಬೇಡ ಎಂದರೆ ನೀವು ಓದಿದ್ದನ್ನು ಅವರ ಮೇಲೆ ಸುರಿಯಬೇಡಿ. ಡಾಕ್ಟರ್ ಭೇಟಿಗೆ ಇಬ್ಬರೂ ಹೋಗಿ, ಅನುಮತಿ ಕೇಳಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ‘ಕ್ಯಾನ್ಸರ್’ ಎಂಬ ಮಾತು ಬಿದ್ದ ನಂತರದ್ದು ಹೆಚ್ಚಿನವರಿಗೆ ನೆನಪಿರುವುದಿಲ್ಲ.

ಅವರ ಅಣ್ಣತಮ್ಮಂದಿರಿಗೂ ಗಂಡುಮಕ್ಕಳಿಗೂ ತಿಳಿಸಿ. ತಂದೆಗೋ ಸಹೋದರನಿಗೋ ಈ ಕಾಯಿಲೆ ಇದ್ದವರಿಗೆ ಅಪಾಯ ಸುಮಾರು ಎರಡರಷ್ಟು. ಕುಟುಂಬದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಕೂಡ ಇದ್ದರೆ ಬಿಆರ್‌ಸಿಎ2 ಜೀನ್ ಪರೀಕ್ಷೆಯ ಬಗ್ಗೆ ಕೇಳಿ. ಅದು ಹೆಣ್ಣುಮಕ್ಕಳಿಗೂ ಸಂಬಂಧಪಟ್ಟದ್ದು.

ಚಿಕಿತ್ಸೆಯ ನಂತರದ ಪಿಎಸ್‌ಎ ಪಟ್ಟಿಯನ್ನು ನೀವೇ ಇಟ್ಟುಕೊಳ್ಳಿ, ಏಕೆಂದರೆ ಎರಡು ಚಿಕಿತ್ಸೆಗೂ ಓದುವ ಲೆಕ್ಕ ಒಂದೇ ಅಲ್ಲ. ಗ್ರಂಥಿ ತೆಗೆದ ಮೇಲೆ ಆರರಿಂದ ಎಂಟು ವಾರಕ್ಕೆ ಸಂಖ್ಯೆ ಪತ್ತೆಯಾಗದಷ್ಟು ಇಳಿದಿರಬೇಕು, ಮುಂದೆ 0.2 ಮುಟ್ಟಿ, ಮರುಪರೀಕ್ಷೆಯಲ್ಲೂ ಹಾಗೇ ಬಂದರೆ ಮರುಕಳಿಕೆ ಎನ್ನುತ್ತಾರೆ. ರೇಡಿಯೇಶನ್ನಿನಲ್ಲಿ ಗ್ರಂಥಿ ಒಳಗೇ ಇರುವುದರಿಂದ ಸೊನ್ನೆಯಾಗುವುದಿಲ್ಲ, ನಿಧಾನವಾಗಿ ಇಳಿಯುತ್ತದೆ, ನಡುವೆ ಒಮ್ಮೆ ತುಸು ಏರಿ ಮತ್ತೆ ಇಳಿಯುವುದೂ ಇದೆ. ಅಲ್ಲಿ ಅತಿ ಕಡಿಮೆ ಬಂದ ಸಂಖ್ಯೆಗಿಂತ 2 ಮೇಲೇರಿದಾಗ ಮಾತ್ರ ಮರುಕಳಿಕೆಯ ಮಾತು. ಎಲ್ಲ ಪರೀಕ್ಷೆಗಳನ್ನೂ ಒಂದೇ ಲ್ಯಾಬಿನಲ್ಲಿ ಮಾಡಿಸಿ.