ಗೋಡೆಯ ಬೂಷ್ಟು, ಒಂಬತ್ತೂವರೆಯ ಮುಸ್ಸಂಜೆ

ಈ ಸಲ ಆರಿಸಿಕೊಂಡ ಪತ್ರಗಳೆಲ್ಲ ಇಂಗ್ಲೆಂಡಿನಲ್ಲಿ ಸಂಸಾರ ಹೂಡಿದವರದ್ದು. ನಾನು ತೀರ್ಥಹಳ್ಳಿ ಕಡೆಯವಳು. ಶೆಫೀಲ್ಡ್‌ಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಇಲ್ಲಿ ಬಾಳಿ ತಿಳಿದುಕೊಂಡಿದ್ದನ್ನೇ ಬರೆಯುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ಲೀಡ್ಸ್‌ನಲ್ಲಿ ಹಳೇ ಟೆರೇಸ್ ಮನೆ (ಸಾಲಾಗಿ ಒಂದಕ್ಕೊಂದು ಅಂಟಿಕೊಂಡು ಕಟ್ಟಿದ್ದು) ಬಾಡಿಗೆಗೆ ಹಿಡಿದಿದ್ದೇವೆ. ನವೆಂಬರ್ ಬಂದಿದ್ದೇ ಮಲಗುವ ಕೋಣೆಯ ಮೂಲೆಯಲ್ಲಿ, ವಾರ್ಡ್‌ರೋಬ್ ಹಿಂದೆ ಕಪ್ಪು ಬೂಷ್ಟು. ಬ್ಲೀಚ್ ಹಾಕಿ ಒರೆಸಿದರೂ ಎರಡು ವಾರಕ್ಕೆ ಮತ್ತೆ ಬರುತ್ತದೆ. ಮೂರು ವರ್ಷದ ಮಗಳಿಗೆ ಕೆಮ್ಮು ಬಿಡುತ್ತಿಲ್ಲ. ಓನರ್‌ಗೆ ಹೇಳಿದರೆ ಕಿಟಕಿ ತೆಗೆಯಿರಿ ಅನ್ನುತ್ತಾರೆ. ಹೀಟಿಂಗ್ ಹಾಕಿಕೊಂಡು ಕಿಟಕಿ ತೆಗೆದರೆ ದುಡ್ಡೆಲ್ಲ ಆಚೆ ಹೋಗಲ್ವಾ?
— ಹೆಸರು ಬೇಡ, ಲೀಡ್ಸ್

ಉತ್ತರ: ತಂಗಿ, ಮೊದಲು ಮಗಳನ್ನು ಜಿಪಿ (ನಿಮ್ಮ ಏರಿಯಾದ ಫ್ಯಾಮಿಲಿ ಡಾಕ್ಟರ್) ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲಿ ಬೂಷ್ಟಿದೆ ಅಂತ ಬಾಯಿಬಿಟ್ಟು ಹೇಳಿ, ಅವರು ಬರೆದುಕೊಳ್ಳಲಿ. ಮುಂದೆ ಅದು ಕೆಲಸಕ್ಕೆ ಬರುತ್ತದೆ. ಇವತ್ತು ರಾತ್ರಿಯೇ ಅವಳ ಹಾಸಿಗೆಯನ್ನು ಆ ಗೋಡೆಯಿಂದ ದೂರ ಎಳೆಯಿರಿ. ಆಗುವುದಾದರೆ ಬೇರೆ ಕೋಣೆಯಲ್ಲೇ ಮಲಗಿಸಿ.

ಈಗ ಗೋಡೆಯ ವಿಷಯ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಬೂಷ್ಟು ಹೊಸದಲ್ಲ. ಆಷಾಢದಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಅದು ಬಿಡುತ್ತಿರಲಿಲ್ಲ. ಆದರೆ ಅಲ್ಲಿ ತೇವ ಹೊರಗಿನಿಂದ ಒಳಗೆ ಬರುತ್ತದೆ. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ. ಬಚ್ಚಲೊಲೆ ಉರಿಯುತ್ತಲೇ ಇರುತ್ತದೆ, ಅದರ ಮೇಲೆ ಕಟ್ಟಿದ ಹಗ್ಗದಲ್ಲಿ ಬಟ್ಟೆ ಒಣಗುತ್ತದೆ. ಇಲ್ಲಿ ತೇವ ಹುಟ್ಟುವುದೇ ಮನೆಯೊಳಗೆ. ಕುಕ್ಕರಿನ ಹಬೆ, ಸ್ನಾನದ ಹಬೆ, ನಾವು ಬಿಡುವ ಉಸಿರು, ಎಲ್ಲಕ್ಕಿಂತ ಜಾಸ್ತಿ ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಹರವಿದ ಒದ್ದೆ ಬಟ್ಟೆ. ಕಿಟಕಿ ಬಾಗಿಲೆಲ್ಲ ಬಿಗಿಯಾಗಿ ಮುಚ್ಚಿರುತ್ತೇವೆ. ಆ ಹಬೆ ಹೋಗುವುದೆಲ್ಲಿಗೆ? ಮನೆಯಲ್ಲಿ ಎಲ್ಲಿ ತುಂಬಾ ತಣ್ಣಗಿದೆಯೋ ಅಲ್ಲಿ ನೀರಾಗಿ ಕೂರುತ್ತದೆ. ತಣ್ಣೀರು ತುಂಬಿದ ಸ್ಟೀಲ್ ಲೋಟದ ಮೈಮೇಲೆ ಹನಿ ಕಟ್ಟುತ್ತದಲ್ಲ, ಹಾಗೆಯೇ. ಹಳೇ ಟೆರೇಸ್ ಮನೆಗಳ ಹೊರಗೋಡೆ ಸಾಮಾನ್ಯವಾಗಿ ಒಂದೇ ಗಟ್ಟಿ ಇಟ್ಟಿಗೆ ಗೋಡೆ. ಈಚಿನ ಮನೆಗಳಂತೆ ಎರಡು ಪದರ ಕಟ್ಟಿ ನಡುವೆ ಸಂದು ಬಿಟ್ಟಿರುವುದಿಲ್ಲ. ಹೊರಗೆ ಎರಡು ಡಿಗ್ರಿ ಇದ್ದರೆ ಒಳಗಿನ ಮೈಯೂ ಥಂಡಿ. ವಾರ್ಡ್‌ರೋಬ್ ಹಿಂದೆ ಬಿಸಿಗಾಳಿಯೂ ಸುಳಿಯುವುದಿಲ್ಲ. ಬೂಷ್ಟಿಗೆ ಇನ್ನೇನು ಬೇಕು?

ಬಟ್ಟೆ ಎಷ್ಟು ನೀರು ಬಿಡುತ್ತದೆ ಅಂತ ನನಗೂ ಅಂದಾಜಿರಲಿಲ್ಲ. ಮೂರನೇ ಚಳಿಗಾಲದಲ್ಲಿ ಗಾಳಿಯ ತೇವ ಹೀರಿ ತೊಟ್ಟಿಗೆ ಇಳಿಸುವ ಒಂದು ಡಿಹ್ಯುಮಿಡಿಫೈಯರ್ ತಂದೆವು. ವಾಷಿಂಗ್ ಮಷಿನ್‌ನಿಂದ ತೆಗೆದ ಒಂದು ಸಲದ ಬಟ್ಟೆಯನ್ನು ಸಣ್ಣ ಕೋಣೆಯಲ್ಲಿ ಹರವಿ, ಬಾಗಿಲು ಮುಚ್ಚಿ, ಅದನ್ನು ಹಾಕಿ ಮಲಗಿದೆವು. ಬೆಳಿಗ್ಗೆ ಅದರ ತೊಟ್ಟಿ ಎಳೆದರೆ ತುಳುಕುತ್ತಿದೆ. ಅಳತೆ ಜಗ್ಗಿಗೆ ಸುರಿದು ನೋಡಿದೆ. ಎರಡು ಲೀಟರಿಗೆ ಸ್ವಲ್ಪ ಕಮ್ಮಿ! ಹಿಂದಿನ ಎರಡು ಚಳಿಗಾಲ ಆ ನೀರನ್ನೆಲ್ಲ ನಮ್ಮ ಗೋಡೆ ಕುಡಿದಿತ್ತು. ಅವತ್ತಿನಿಂದ ಇವತ್ತಿನವರೆಗೆ ರೇಡಿಯೇಟರ್ ಮೇಲೆ ಒಂದು ಕಾಲುಚೀಲವನ್ನೂ ಹಾಕಿಲ್ಲ. ನಮ್ಮ ಮಷಿನ್‌ಗೆ ಗಂಟೆಗೆ ಐದಾರು ಪೆನ್ಸ್ ಕರೆಂಟು ಹೋಗುತ್ತದೆ, ಅಷ್ಟೇ.

ಕಿಟಕಿಯ ಮಾತು ನಿಜ, ಆದರೆ ದಿನವಿಡೀ ತೆಗೆದಿಡಬೇಕಾಗಿಲ್ಲ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ, ಎದುರುಬದುರು ಕಿಟಕಿ ಪೂರ್ತಿ ತೆಗೆಯಿರಿ. ಒಳಗಿನ ಹಸಿ ಗಾಳಿ ಹೋಗಿ ಹೊರಗಿನ ಥಂಡಿ ಗಾಳಿ ಬರುತ್ತದೆ. ಥಂಡಿ ಗಾಳಿಯಲ್ಲಿ ನೀರಿನ ಅಂಶ ಕಡಿಮೆ, ಬಿಸಿಯಾದ ಮೇಲೆ ಅದು ಒಣ ಗಾಳಿಯೇ. ಅಷ್ಟು ಹೊತ್ತಿನಲ್ಲಿ ಗೋಡೆ, ಸೋಫಾ, ಮಂಚ ತಣ್ಣಗಾಗಿಬಿಡುವುದಿಲ್ಲ, ಹಾಗಾಗಿ ದುಡ್ಡು ಅಷ್ಟೇನೂ ಆಚೆ ಹೋಗುವುದಿಲ್ಲ. ಅಡುಗೆ ಮಾಡುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಫ್ಯಾನ್ ಹಾಕಿ. ವಾರ್ಡ್‌ರೋಬನ್ನು ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ, ಆಗುವುದಾದರೆ ಒಳಗೋಡೆಗೇ ಬದಲಿಸಿ. ಯಾವ ಕೋಣೆಯ ಹೀಟಿಂಗನ್ನೂ ಪೂರ್ತಿ ಆರಿಸಬೇಡಿ. ಗಾಳಿಯ ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ, ಮಂಚದ ಪಕ್ಕ ಇಡಿ. ಅದು 60 ಪರ್ಸೆಂಟ್ ದಾಟಬಾರದು. ಬೂಷ್ಟನ್ನು ಒಣಗಿರುವಾಗ ಉಜ್ಜಬೇಡಿ, ಪುಡಿ ಮೂಗಿಗೆ ಹೋಗುತ್ತದೆ. ಮಾಸ್ಕ್ ಹಾಕಿ, ಒದ್ದೆ ಮಾಡಿ ಒರೆಸಿ, ಆ ಬಟ್ಟೆ ಎಸೆಯಿರಿ. ಬ್ಲೀಚ್ ಜೊತೆ ಬೇರೆ ಯಾವ ಲಿಕ್ವಿಡ್ಡನ್ನೂ ಬೆರೆಸಬಾರದು.

ಇಷ್ಟು ನಿಮ್ಮ ಕೈಯಲ್ಲಿರುವುದು. ಆದರೆ ಓನರ್ "ಕಿಟಕಿ ತೆಗೀರಿ" ಅಂದು ಕೈ ತೊಳೆದುಕೊಳ್ಳುವುದು ಸರಿಯಲ್ಲ. ಮಳೆ ಬರುವಾಗ ಹೊರಗೆ ನಿಂತು ಆ ಮೂಲೆಯನ್ನು ನೋಡಿ. ಸೂರಿನ ಮಳೆನೀರು ಹರಿಯುವ ಗಟರ್ ಒಡೆದು ನೀರು ಗೋಡೆ ಮೇಲೆ ಇಳಿಯುತ್ತಿದೆಯಾ? ಇಟ್ಟಿಗೆ ಸಂದಿನ ಗಾರೆ ಉದುರಿದೆಯಾ? ಬಚ್ಚಲ ಫ್ಯಾನ್ ಕೆಟ್ಟಿದೆಯಾ? ಅವೆಲ್ಲ ಓನರ್ ಮಾಡಿಸಬೇಕಾದ ರಿಪೇರಿ. ಫೋನ್ ಸಾಲದು. ತಾರೀಖು ಹಾಕಿ, ಫೋಟೋ ಸೇರಿಸಿ ಇಮೇಲ್ ಮಾಡಿ. ಬಾಡಿಗೆ ಮನೆ ವಾಸಕ್ಕೆ ಯೋಗ್ಯವಾಗಿರಬೇಕು ಅಂತ 2018ರಲ್ಲೇ ಇಲ್ಲಿ ಕಾನೂನಾಗಿದೆ. ಉತ್ತರ ಬಾರದಿದ್ದರೆ ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗಕ್ಕೆ ಬರೆಯಿರಿ. 2020ರ ಡಿಸೆಂಬರಿನಲ್ಲಿ ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ತೀರಿಕೊಂಡಿತು. ಮನೆಯ ಬೂಷ್ಟೇ ಕಾರಣ ಅಂತ 2022ರಲ್ಲಿ ಕೊರೊನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ವಿಚಾರಣೆಯಲ್ಲಿ ತೀರ್ಮಾನವಾಯಿತು. ಬೂಷ್ಟಿನಂಥ ಅಪಾಯವನ್ನು ಗಡುವಿನೊಳಗೆ ಸರಿಪಡಿಸಬೇಕು ಅನ್ನುವ ಅವನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮನೆಗಳಿಗೆ ಜಾರಿಯಲ್ಲಿದೆ. ನಿಮ್ಮದು ಖಾಸಗಿ ಬಾಡಿಗೆ ಇರಬಹುದು, ಆದರೂ ಸಂಕೋಚ ಬೇಡ. ಮಗುವಿನ ಉಸಿರಾಟದ ವಿಷಯದಲ್ಲಿ ಯಾರ ದಾಕ್ಷಿಣ್ಯವನ್ನೂ ನೋಡಬೇಡಿ.

ಪ್ರಶ್ನೆ: ಪಕ್ಕದ ಮನೆಯವರು ಗುರುವಾರ ಟೀಗೆ ಬನ್ನಿ ಅಂದರು. ನಾವು ಸಂಜೆ ಊಟ ಮುಗಿಸಿಕೊಂಡು ಹೋದೆವು. ನೋಡಿದರೆ ಟೇಬಲ್ ತುಂಬಾ ಅಡುಗೆ! ನಮಗೆ ಏನು ಮಾಡಬೇಕೋ ತೋಚಲಿಲ್ಲ. ಅವರಿಗೆ ಬೇಜಾರಾಗಿರಬಹುದಾ?
— ಬಾರ್ನ್ಸ್‌ಲಿಯಿಂದ ಒಬ್ಬರು

ಉತ್ತರ: ಯಾರ್ಕ್‌ಶೈರ್‌ನಲ್ಲಿ ಟೀ ಅಂದರೆ ರಾತ್ರಿ ಊಟ. ಮಧ್ಯಾಹ್ನದ ಊಟವನ್ನು ಎಷ್ಟೋ ಜನ ಡಿನ್ನರ್ ಅನ್ನುತ್ತಾರೆ. ಸುಮ್ನೆ ಹೋಗಿ ಇದ್ದ ವಿಷಯ ಹೇಳಿಬಿಡಿ. ಬರೀ ಕೈಯಲ್ಲಿ ಹೋಗಬೇಡಿ, ನೀವು ಮಾಡಿದ ಚಿತ್ರಾನ್ನವೋ ಮೈಸೂರು ಪಾಕೋ ಒಯ್ಯಿರಿ. ಆಮೇಲೆ ನೀವೂ ಅವರನ್ನು ಟೀಗೆ ಕರೆಯಿರಿ, ಐದೂವರೆ ಆರು ಗಂಟೆಗೆ. ಅವರು ಅಷ್ಟು ಹೊತ್ತಿಗೇ ಉಣ್ಣುತ್ತಾರೆ.

ಪ್ರಶ್ನೆ: ನಮ್ಮ ಅಪ್ಪ ಅಮ್ಮ ಮೇ ತಿಂಗಳಲ್ಲಿ ಹಾಸನದಿಂದ ಬರುತ್ತಿದ್ದಾರೆ. ನಾಲ್ಕು ತಿಂಗಳು ಇರುತ್ತಾರೆ. ಅಪ್ಪನಿಗೆ 71. ಹಿಂದಿನ ಸಲ ಒಂದೇ ತಿಂಗಳಿಗೆ "ಇದೇನು ಜೈಲು" ಅಂದುಬಿಟ್ಟರು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಅವರನ್ನು ಎಲ್ಲೆಲ್ಲಿ ಸುತ್ತಿಸಬೇಕು?
— ಮಗಳು, ನಾಟಿಂಗ್‌ಹ್ಯಾಮ್

ಉತ್ತರ: ಸುತ್ತಿಸುವ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡೋಣ ತಂಗಿ. ಶನಿವಾರ ಭಾನುವಾರ ಹೇಗೋ ಕಳೆಯುತ್ತದೆ. ಕಷ್ಟ ಇರುವುದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಯಲ್ಲಿ.

ನಮ್ಮ ಅಪ್ಪ ಮೊದಲ ಸಲ ಬಂದಾಗ ಮೂರನೇ ವಾರಕ್ಕೆ ಒಂದು ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಹತ್ತಕ್ಕೆ ಬೂಟು ಹಾಕಿಕೊಂಡು ಮಹಡಿ ಮೆಟ್ಟಿಲ ಮೇಲೆ ಕೂರುತ್ತಿದ್ದರು. "ಎಲ್ಲಿಗಪ್ಪಾ?" ಅಂದರೆ "ಎಲ್ಲಿಗೂ ಇಲ್ಲ" ಅನ್ನುತ್ತಿದ್ದರು. ಊರಲ್ಲಿ ಅದು ಅವರು ತೋಟಕ್ಕೆ ಇಳಿಯುವ ಹೊತ್ತು. ಕಾಲಿಗೆ ಹೊತ್ತು ಗೊತ್ತಿತ್ತು, ಹೋಗಲು ತೋಟ ಇರಲಿಲ್ಲ. ನನಗೆ ಆಫೀಸಿನಲ್ಲಿ ಕೂತರೂ ಆ ಬೂಟೇ ಕಣ್ಣಿಗೆ ಬರುತ್ತಿತ್ತು.

ಪಕ್ಕದ ಮನೆಯಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಅಜ್ಜ ಒಬ್ಬರಿದ್ದರು. ಅವರಿಗೆ ಅಲಾಟ್‌ಮೆಂಟ್ ಇತ್ತು. ಅಂದರೆ ಕೌನ್ಸಿಲ್ ಬಾಡಿಗೆಗೆ ಕೊಡುವ ತರಕಾರಿ ತುಂಡುಭೂಮಿ. ನಾನೇ ಹೋಗಿ ಕೇಳಿದೆ, ನಮ್ಮ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗುತ್ತೀರಾ ಅಂತ. ಅಪ್ಪನಿಗೆ ಇಂಗ್ಲಿಷ್ ಬರದು, ಅಜ್ಜನ ಯಾರ್ಕ್‌ಶೈರ್ ಮಾತು ನನಗೇ ಅರ್ಧ ಅರ್ಥವಾಗುತ್ತಿತ್ತು. ಮೊದಲ ದಿನವೇ ಅಪ್ಪ ಮಣ್ಣು ಮೆತ್ತಿದ ಬೂಟಿನಲ್ಲಿ ನಗುತ್ತಾ ಬಂದರು. ಅಲ್ಲಿ ರನ್ನರ್ ಬೀನ್ಸ್ ಬಳ್ಳಿ ಬಿದಿರುಕೋಲಿನಿಂದ ಜಾರಿ ಬೀಳುತ್ತಿತ್ತಂತೆ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಕಟ್ಟುವ ಹಾಗೆ, ಬಳ್ಳಿ ದಪ್ಪವಾಗಲು ಜಾಗ ಬಿಟ್ಟು, ಸಡಿಲ ಗಂಟು ಹಾಕಿ ತೋರಿಸಿದರಂತೆ. ಊರಲ್ಲಿ ಬಾಳೆ ನಾರು, ಇಲ್ಲಿ ಹಸಿರು ಟ್ವೈನ್. ಅಪ್ಪ ಊರಿಗೆ ಹೋದ ಮೇಲೂ ಆ ಅಜ್ಜ ಬೀನ್ಸಿಗೆ ಅದೇ ಗಂಟು ಹಾಕುತ್ತಿದ್ದರು. ನಾನು ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ನಿಮ್ಮ ಅಪ್ಪನಿಗೆ ಏನು ಕೆಲಸ ಬರುತ್ತದೆ ಅಂತ ಯೋಚಿಸಿ, ಅವರು ಬರುವ ಮೊದಲೇ ಅಕ್ಕಪಕ್ಕ ವಿಚಾರಿಸಿ. ಹಿತ್ತಲಿದ್ದರೆ ಮೆಂತ್ಯ, ಕೊತ್ತಂಬರಿ ಬಿತ್ತನೆಯನ್ನು ಅವರ ಕೈಗೇ ಬಿಡಿ. ಮೇ ಮುಗಿಯುವ ಹೊತ್ತಿಗೆ ಮಂಜು ಕೊರೆಯುವ ಭಯ ಕಳೆದಿರುತ್ತದೆ. ಬಸ್ಸಿನಲ್ಲಿ ಒಬ್ಬರೇ ಹೋಗಿ ಬರುವುದನ್ನು ಮೊದಲ ವಾರವೇ ಕಲಿಸಿ. ಎರಡು ಸಲ ಜೊತೆಗೆ ಹೋಗಿ, ಮೂರನೇ ಸಲ ಬಿಟ್ಟುಬಿಡಿ. ವೊಲ್ಲಾಟನ್ ಪಾರ್ಕ್ ನಿಮ್ಮೂರಲ್ಲೇ ಇದೆ. ಜಿಂಕೆ ನೋಡುತ್ತಾ ಬೆಂಚಿನ ಮೇಲೆ ಎರಡು ಗಂಟೆ ಕೂರಬಹುದು.

ಲಂಡನ್‌ಗೆ ಒಂದು ದಿನ ಖಂಡಿತ ಹೋಗಿ. ಅರವತ್ತು ದಾಟಿದ ಯಾರು ಬೇಕಾದರೂ ಸೀನಿಯರ್ ರೈಲ್‌ಕಾರ್ಡ್ ಮಾಡಿಸಬಹುದು. ಅವರ ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಟಿಕೆಟ್ಟಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ನಿಮ್ಮ ರೈಲು ಸೇಂಟ್ ಪ್ಯಾಂಕ್ರಸ್‌ಗೆ ಬರುತ್ತದೆ. ಅಲ್ಲಿಂದ ನೆಲದಡಿಯ ರೈಲಿನ ವಿಕ್ಟೋರಿಯಾ ಲೈನ್ ಹಿಡಿದು ವಾಕ್ಸ್‌ಹಾಲ್‌ನಲ್ಲಿ ಇಳಿದು, ಥೇಮ್ಸ್ ದಡದಲ್ಲಿ ನಿಧಾನ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ನದಿಯ ಆಚೆ ದಡದಲ್ಲಿ ಪಾರ್ಲಿಮೆಂಟ್ ಕಾಣುತ್ತದೆ. ಅಲ್ಲಿ ನಿಂತು ನಮ್ಮಮ್ಮ ಎರಡು ವಚನ ಹೇಳಿದರು. ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು ಕೇಳಿಸಿಕೊಂಡು ಹೋದಳು. ಮಧ್ಯಾಹ್ನ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪುವಿನ ಮರದ ಹುಲಿ ನೋಡಿ. ಪ್ರವೇಶ ಉಚಿತ.

ಅಮ್ಮನ ವಿಷಯದಲ್ಲಿ ಒಂದು ಮಾತು. ಜೂನ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ನಮ್ಮಮ್ಮ ದೀಪ ಹಚ್ಚದೆ ಉಣ್ಣುವವರಲ್ಲ, ಹೊತ್ತು ಮುಳುಗದೆ ದೀಪ ಹಚ್ಚುವವರೂ ಅಲ್ಲ. ಮೊದಲ ವಾರ ಬತ್ತಿ ಹೊಸೆದಿಟ್ಟುಕೊಂಡು ಕಿಟಕಿ ಹತ್ತಿರ ಕೂತೇ ಇದ್ದರು. ನನಗೆ ತಿಳಿದದ್ದು ಮಗ ಬಂದು "ಅಜ್ಜಿ ಇನ್ನೂ ಊಟ ಮಾಡಿಲ್ಲ" ಅಂದಾಗ. ಆಮೇಲೆ ನಾವಿಬ್ಬರೂ ಕೂತು ಮಾತಾಡಿ, ಗಡಿಯಾರ ನೋಡಿ ಏಳಕ್ಕೆ ಹಚ್ಚುವುದು ಅಂತ ಮಾಡಿಕೊಂಡೆವು. ಮೊದಲೇ ಕೇಳಿ ತಿಳಿದುಕೊಳ್ಳಿ. ಮಲಗುವ ಕೋಣೆಗೆ ದಪ್ಪ ಪರದೆ ಹಾಕಿಸಿ, ಬೆಳಿಗ್ಗೆ ಐದಕ್ಕೆ ಮೊದಲೇ ಬೆಳಕು ಬಂದುಬಿಡುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಮಾತ್ರ ಬಿಡಲೇಬೇಡಿ, ಇರುವ ಕಾಯಿಲೆಗಳನ್ನೆಲ್ಲ ಬರೆದೇ ಮಾಡಿಸಿ. ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ವಿಸಿಟರ್‌ಗಳಿಗೆ ಬಿಲ್ ತುಂಬಾ ದೊಡ್ಡದು.

ಪ್ರಶ್ನೆ: ಮಿಲ್ಟನ್ ಕೀನ್ಸ್‌ನಲ್ಲಿ ಹೊಸ ಮನೆ ಕೊಂಡಿದ್ದೇವೆ. ಊರಿಂದ ತಂದ ತೇಗದ ದೇವರ ಮಂಟಪ, 14 ಕೆಜಿ, ಆರು ತಿಂಗಳಿಂದ ಪೆಟ್ಟಿಗೆಯಲ್ಲೇ ಇದೆ. ಗೋಡೆ ತಟ್ಟಿದರೆ ಡಬ್ ಡಬ್ ಅನ್ನುತ್ತದೆ. ನಮ್ಮವರು ಡ್ರಿಲ್ ಹಿಡಿಯಲು ಹೆದರುತ್ತಾರೆ.
— ಗೃಹಿಣಿ, ಮಿಲ್ಟನ್ ಕೀನ್ಸ್

ಉತ್ತರ: ಡಬ್ ಅಂದರೆ ಮುಂದೆ ತೆಳು ಜಿಪ್ಸಮ್ ಹಲಗೆ, ಇಲ್ಲಿಯವರ ಮಾತಿನಲ್ಲಿ ಪ್ಲಾಸ್ಟರ್‌ಬೋರ್ಡ್ ಇದೆ ಅಂತ. ಅದರ ಹಿಂದೆ ಏನಿದೆ ಅನ್ನುವುದೇ ಪ್ರಶ್ನೆ. ಮಂಟಪ ಮುಚ್ಚುವ ಜಾಗದಲ್ಲೇ ಒಂದು ಸಣ್ಣ ತೂತು ಕೊರೆದು ನೋಡಿ. ಮೊದಲು ಬಿಳಿ ಪುಡಿ ಬರುತ್ತದೆ. ಆಮೇಲೆ ಮರದ ಹೊಟ್ಟು ಸುರುಳಿಯಾಗಿ ಬಂದರೆ ನಿಮ್ಮ ಅದೃಷ್ಟ, ಒಳಗಿನ ಮರದ ಕಂಬ ಸಿಕ್ಕಿತು. ಸ್ಕ್ರೂ ನೇರ ಅದಕ್ಕೇ ಹೊಡೆಯಬಹುದು. ಕಂಬಗಳು ಸಾಮಾನ್ಯವಾಗಿ 40 ಅಥವಾ 60 ಸೆಂಟಿಮೀಟರಿಗೆ ಒಂದರಂತೆ ಇರುತ್ತವೆ. ಎರಡು ಕಂಬಕ್ಕೆ ಸೇರಿಸಿ ಒಂದು ಗಟ್ಟಿ ಅಡ್ಡಪಟ್ಟಿ ಬಿಗಿದು, ಅದರ ಮೇಲೆ ಮಂಟಪ ಕೂರಿಸಿ. ಬಿಳಿ ಪುಡಿ ಆದ ಮೇಲೆ ಡ್ರಿಲ್ ಒಮ್ಮೆ ಖಾಲಿ ಜಾರಿ, ಬೆರಳಗಲ ಒಳಗೆ ಹೋಗಿ ಬೂದು ಪುಡಿ ಬಂದರೆ ಹಿಂದೆ ಬ್ಲಾಕ್ ಗೋಡೆ ಇದೆ. ಹೊರಗೋಡೆಯಾದರೆ ಹೀಗೇ ಇರುವುದು ಜಾಸ್ತಿ. ಅದಕ್ಕೆ ಬೋರ್ಡ್ ದಾಟಿ ಬ್ಲಾಕನ್ನು ಹಿಡಿಯುವ ಉದ್ದದ ಪ್ಲಗ್ ಬೇಕು. ಅಂಗಡಿಯಲ್ಲಿ ಹೀಗೇ ಕೇಳಿ. ಏನೂ ಸಿಗದೆ ಬರೀ ಟೊಳ್ಳಾದರೆ ಜಾಗ ಬದಲಿಸಿ. 14 ಕೆಜಿ ಮಂಟಪ, ಮೇಲೆ ವಿಗ್ರಹ, ಎಣ್ಣೆ ದೀಪ. ಬರೀ ಬೋರ್ಡನ್ನು ನಂಬಿ ತೂಗುಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸಾಕೆಟ್, ಸ್ವಿಚ್ ಇದ್ದರೆ ಅದರ ನೇರ ಮೇಲೆ, ಕೆಳಗೆ, ಅಕ್ಕಪಕ್ಕದ ಸಾಲಿನಲ್ಲಿ ಕೊರೆಯಲೇಬಾರದು, ವೈರು ಆ ದಾರಿಯಲ್ಲೇ ಹೋಗಿರುತ್ತದೆ. ವೈರು, ಪೈಪು ಪತ್ತೆ ಮಾಡುವ ಡಿಟೆಕ್ಟರ್ ಸಿಗುತ್ತದೆ, ಒಂದು ತನ್ನಿ. ಸ್ಮೋಕ್ ಅಲಾರಂ ಕೆಳಗೆ ಮಂಟಪ ಬೇಡ. ಧೂಪ ಹಾಕುವಾಗ ಕಿಟಕಿ ತೆಗೆಯಿರಿ, ಅಲಾರಂ ಮಾತ್ರ ಬಿಚ್ಚಿಡಬೇಡಿ.

ನಿಮ್ಮವರಿಗೆ ಹೆದರಿಕೆಯಾದರೆ ಡ್ರಿಲ್ ನೀವೇ ಹಿಡಿಯಿರಿ. ನಮ್ಮ ಮನೆಯ ಗೋಡೆಗಳಲ್ಲಿರುವ ತೂತೆಲ್ಲ ನಾನೇ ಕೊರೆದದ್ದು. ಅವರು ಕೆಳಗೆ ವ್ಯಾಕ್ಯೂಮ್ ಮೂತಿ ಹಿಡಿದು ನಿಲ್ಲಲಿ, ಕಾರ್ಪೆಟ್ ಮೇಲೆ ಪುಡಿ ಬೀಳುವುದಿಲ್ಲ.